ಮನೆಯಲ್ಲೇ ಬಣ್ಣ ಹೊಡೆದ ಕಾರು: ಬಾನೆಟ್ಟಿನ ಗುಳಿಯಿಂದ ಕಾಲಡಿಯ ನೀರಿನವರೆಗೆ

ಬಾನೆಟ್ಟಿಗೆ ಮೊದಲ ಕೋಟು ಬಿದ್ದು ಎರಡು ನಿಮಿಷವೂ ಆಗಿರಲಿಲ್ಲ. ಹಸಿ ಬಿಳಿ ಬಣ್ಣದಲ್ಲಿ ಸಾಸಿವೆ ಕಾಳಿನಷ್ಟು ಗುಳಿಗಳು ಒಂದೊಂದಾಗಿ ಬಾಯಿ ಬಿಟ್ಟವು. ಪ್ರತಿ ಗುಳಿಯ ಅಂಚು ತುಸು ಎದ್ದಿತ್ತು, ತಳದಲ್ಲಿ ಬೂದು ಪ್ರೈಮರ್ ಇಣುಕುತ್ತಿತ್ತು. ಬಟ್ಟೆಗೆ ಥಿನ್ನರ್ ಸುರಿದು ಅಷ್ಟನ್ನೂ ಒರೆಸಿ ತೆಗೆದೆ, ಮತ್ತೆ ಹೊಡೆದೆ. ಈ ಸಲ ಎಡಗಡೆಯ ಫೆಂಡರಿನಲ್ಲೂ, ಅಂದರೆ ಮುಂದಿನ ಚಕ್ರದ ಮೇಲಿನ ತಗಡಿನಲ್ಲೂ ಶುರುವಾಯಿತು.

ಕಾರು 1999ರ ಮಾರುತಿ 800, ಅಪ್ಪನದು. ಜಾಗ ಪುತ್ತೂರಿನ ಹತ್ತಿರ ನಮ್ಮ ಮನೆಯ ಅಡಿಕೆ ಅಂಗಳ, ಮೇಲೆ ಟಾರ್ಪಾಲು. ಸ್ವಂತ ಕಾರಿನ ಆರ್‌ಸಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2024ರ ನವೀಕರಣಕ್ಕೆ ಮೊದಲು ಕಾರನ್ನು ಒಂದು ರೂಪಕ್ಕೆ ತರೋಣ ಅಂತ ಹಿಂದಿನ ವರ್ಷದ ಕೊನೆಗೆ ಕೈ ಹಾಕಿದೆ. ಹೊಸ ಅಡಿಕೆ ಅಂಗಳಕ್ಕೆ ಬೀಳುವ ಮೊದಲು ಜಾಗ ಖಾಲಿ ಮಾಡಬೇಕು ಅನ್ನುವುದು ಅಪ್ಪನ ಷರತ್ತು. ಹೊರಗೆ ಬಿಳಿ ಬಣ್ಣ, ಒಳಗೆ ಸೀಟಿನ ಹೊದಿಕೆ, ಕಾರ್ಪೆಟ್, ಬಾಗಿಲ ಹಲಗೆಗಳು, ಎಲ್ಲಾ ಒಟ್ಟಿಗೆ. ಈ 'ಒಟ್ಟಿಗೆ'ಯಿಂದಲೇ ತೊಂದರೆ ಶುರು. ಹೊರಗೆ ಕಂಡ ದೋಷದ ಬೇರು ಒಳಗಿರುತ್ತಿತ್ತು, ಒಳಗೆ ಕಂಡದ್ದರ ಬೇರು ಹೊರಗೆ. ಕಂಡ ಜಾಗದಲ್ಲೇ ಉಜ್ಜಿ ಉಜ್ಜಿ ನಾನು ಹಾಳು ಮಾಡಿದ ದಿನಗಳು ಜಾಸ್ತಿ.

ಗುಳಿಗಳು

ಪೇಂಟರುಗಳು ಇದಕ್ಕೆ ಫಿಶ್ ಐ ಅನ್ನುತ್ತಾರೆ. ಬಣ್ಣ ಕೂರಬೇಕಾದ ಕಡೆ ಎಣ್ಣೆಯೋ ಮೇಣವೋ ಸಿಲಿಕೋನೋ ಇದ್ದರೆ ಬಣ್ಣ ಅಲ್ಲಿಂದ ದೂರ ಸರಿಯುತ್ತದೆ. ಅದು ಬಂದದ್ದೆಲ್ಲಿಂದ ಅನ್ನುವುದೇ ಪ್ರಶ್ನೆ. ಗಾಳಿಯಿಂದ ಬಂದಿರಬಹುದು, ಮೈಮೇಲೆ ಮೊದಲೇ ಇದ್ದಿರಬಹುದು.

ಗಾಳಿಯನ್ನು ಮೊದಲು ನೋಡಿ, ಸುಲಭ. ಗನ್ನಿನಿಂದ ಬಣ್ಣದ ಕಪ್ ತೆಗೆದು ಬರೀ ಗಾಳಿಯನ್ನು ಒಂದು ಕನ್ನಡಿಯ ಮೇಲೆ ಒಂದೆರಡು ನಿಮಿಷ ಬಿಡಿ. ಮಂಜು ಕೂತರೆ ಕಂಪ್ರೆಸರಿನಿಂದ ನೀರು ಬರುತ್ತಿದೆ, ಬೆರಳಿಗೆ ಜಾರುವ ಪಸೆ ಸಿಕ್ಕರೆ ಎಣ್ಣೆ. ಟ್ಯಾಂಕಿನ ಅಡಿಯ ನಲ್ಲಿ ಬಿಚ್ಚಿ ನೀರು ಇಳಿಸಿ, ನಡುವೆ ಫಿಲ್ಟರ್ ಹಾಕಿ. ನನ್ನ ಕನ್ನಡಿ ಸ್ವಚ್ಛವಾಗಿತ್ತು.

ಆಮೇಲೆ ನೀರು. ಪ್ರೈಮರ್ ಉಜ್ಜಿದ ಭಾಗದ ಮೇಲೆ ಒಂದು ಚೊಂಬು ಶುದ್ಧ ನೀರು ಸುರಿಯಿರಿ. ನೀರು ಹಾಳೆಯಂತೆ ಹರಡಿ ನಿಂತರೆ ಮೈ ಚೊಕ್ಕ. ಕೆಸುವಿನ ಎಲೆಯ ಮೇಲಿನಂತೆ ಹನಿ ಹನಿಯಾಗಿ ಒಡೆದರೆ ಅಲ್ಲಿ ಜಿಡ್ಡಿದೆ. ನನ್ನ ಬಾನೆಟ್ಟಿನಲ್ಲಿ ಗಾಜಿನ ಕಡೆಯ ಅರ್ಧ ಒಡೆಯಿತು, ಮುಂದಿನ ಅರ್ಧ ಒಡೆಯಲಿಲ್ಲ. ಗುಳಿಗಳೂ ಹಾಗೇ ಇದ್ದವು: ಗಾಜಿನ ಹತ್ತಿರ ದಟ್ಟ, ಲೈಟಿನ ಕಡೆ ಬಂದಂತೆ ವಿರಳ. ಯಾರೋ ಒಳಗೆ ಕೂತು ಹೊರಗೆ ಉಗುಳಿದ ಹಾಗೆ.

ಉಗುಳಿದ್ದು ನಾನೇ. ಬಣ್ಣಕ್ಕಾಗಿ ಮುಂದಿನ ಗಾಜನ್ನು ಸುತ್ತಲಿನ ರಬ್ಬರ್ ಬೀಡಿಂಗ್ ಸಮೇತ ಬಿಚ್ಚಿಟ್ಟಿದ್ದೆ. ಹಿಂದಿನ ಸಂಜೆ, ಡ್ಯಾಶ್‌ಬೋರ್ಡ್ ಕೆಲಸ ಮುಗಿಯಿತಲ್ಲ ಅಂತ ಖುಷಿಯಲ್ಲಿ ಅದಕ್ಕೆ ಹೊಳಪಿನ ಸ್ಪ್ರೇ ಹೊಡೆದಿದ್ದೆ. ಆ ತರದ ಸ್ಪ್ರೇಗಳಲ್ಲಿ ಹೊಳಪು ಕೊಡುವುದು ಹೆಚ್ಚಾಗಿ ಸಿಲಿಕೋನ್ ಎಣ್ಣೆ. ಗಾಜಿಲ್ಲದ ಕಿಂಡಿಯಿಂದ ಆ ಮಂಜು ನೇರ ಬಾನೆಟ್ಟಿನ ಮೇಲೆ ಕೂತಿದೆ. ಫೆಂಡರಿಗೆ ಹಬ್ಬಿಸಿದ್ದು ನನ್ನ ಒರೆಸುವ ಬಟ್ಟೆ.

ಸರಿ ಮಾಡುವ ಕ್ರಮ ಹೀಗೆ. ಗುಳಿ ಕಂಡ ಕೂಡಲೇ ಗನ್ ಕೆಳಗಿಡಿ. ಮೇಲೆ ಮೇಲೆ ಹೊಡೆದು ತುಂಬಿಸಲು ಹೋಗಬೇಡಿ. ಬಣ್ಣ ಪೂರ್ತಿ ಒಣಗಲಿ. ಆಮೇಲೆ ಜಿಡ್ಡು ತೆಗೆಯುವ ದ್ರಾವಣ ತಂದು, ಒಂದು ಬಟ್ಟೆಯಲ್ಲಿ ಹಚ್ಚಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತಿ. ಎರಡು ಬಟ್ಟೆ ಇಲ್ಲಿ ಮುಖ್ಯ. ಒಂದೇ ಬಟ್ಟೆಯಾದರೆ ಜಿಡ್ಡನ್ನು ಜಾಗ ಬದಲಿಸಿದ ಹಾಗೆ ಅಷ್ಟೆ. ಜಿಡ್ಡು ಹೋದ ಮೇಲೆಯೇ ನೀರುಪೇಪರ್, ಅಂದರೆ ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರ್. ಮೊದಲೇ ಉಜ್ಜಿದರೆ ಸಿಲಿಕೋನ್ ಗೆರೆಗಳೊಳಗೆ ಇಳಿಯುತ್ತದೆ. ಬಣ್ಣಕ್ಕೆ ಬೆರೆಸುವ ಫಿಶ್ ಐ ಔಷಧಿಯೂ ಸಿಗುತ್ತದೆ, ಆದರೆ ಅದೂ ಸಿಲಿಕೋನೇ. ಒಮ್ಮೆ ಹಾಕಿದರೆ ಅದರ ಮೇಲಿನ ಕೋಟುಗಳಿಗೂ ಹಾಕಬೇಕಾಗುತ್ತದೆ, ಗನ್ ತೊಳೆಯುವುದೂ ಒಂದು ಕೆಲಸ. ನಾನು ಹಾಕಲಿಲ್ಲ.

ಬಣ್ಣ ಸುಕ್ಕುಗಟ್ಟಿದರೆ

ನಾನು ಹೊಡೆದದ್ದು ಎನ್‌ಸಿ, ಅಂದರೆ ಥಿನ್ನರ್ ಆರಿದರೆ ಗಟ್ಟಿಯಾಗುವ ನೈಟ್ರೊಸೆಲ್ಯುಲೋಸ್ ಬಣ್ಣ. ಪಿಯು, ಅಂದರೆ ಹಾರ್ಡನರ್ ಬೆರೆಸಿ ಗಟ್ಟಿಯಾಗಿಸುವ ಪಾಲಿಯುರೆಥೇನ್ ಬಣ್ಣದಷ್ಟು ಬಾಳಿಕೆ ಇಲ್ಲ, ಹೊಳಪು ಬರಬೇಕಾದರೆ ಕಾಂಪೌಂಡ್ ಅನ್ನುವ ಉಜ್ಜುವ ಪೇಸ್ಟ್ ಹಾಕಿ ಕೈ ಸೋಲುವಷ್ಟು ತಿಕ್ಕಬೇಕು. ಆದರೂ ಗೊತ್ತಿದ್ದೇ ಆರಿಸಿದೆ. ಪಿಯು ಹಾರ್ಡನರಿನಲ್ಲಿ ಐಸೋಸಯನೇಟ್ ಇರುತ್ತದೆ. ಅದರ ಮಂಜು ಎಳೆದುಕೊಂಡರೆ ಜೀವನಪೂರ್ತಿ ಬಿಡದ ದಮ್ಮು ಹತ್ತಿಕೊಳ್ಳಬಹುದು. ಬಟ್ಟೆಯ ಮಾಸ್ಕ್ ಅದಕ್ಕೆ ಏನೇನೂ ಅಲ್ಲ, ಪೈಪಿನಲ್ಲಿ ಹೊರಗಿನ ಶುದ್ಧ ಗಾಳಿ ಬರುವ ಮುಖವಾಡವೇ ಬೇಕು. ಅದಿಲ್ಲದವರು ಪಿಯು ಕೋಟನ್ನು ಬೂತ್ ಇರುವ ವರ್ಕ್‌ಶಾಪಿನಲ್ಲೇ ಹೊಡೆಸಿ. ಎನ್‌ಸಿಗೂ ಆವಿ ಹೀರುವ ಕಾರ್ಟ್ರಿಜ್ ಮಾಸ್ಕ್ ಬೇಕು. ಬಚ್ಚಲ ಒಲೆಯ ಬೆಂಕಿ ಆರಿರಬೇಕು, ಥಿನ್ನರ್ ಆವಿ ನೆಲ ಹಿಡಿದು ದೂರದವರೆಗೂ ಹರಿಯುತ್ತದೆ.

ಎನ್‌ಸಿಯ ತೊಂದರೆ ಅದರ ಥಿನ್ನರ್. ಹಳೇ ಬಣ್ಣ ಸಿಂಥೆಟಿಕ್ ಎನಾಮಲ್ ಆಗಿದ್ದರೆ ಅದು ಉಬ್ಬಿ, ಕುದಿಸಿದ ಹಾಲಿನ ಕೆನೆಯಂತೆ ಸುಕ್ಕಾಗಿ ಮೇಲೇಳುತ್ತದೆ. ಹಾಗಾಗಿ ಡಬ್ಬಿ ತೆರೆಯುವ ಮೊದಲೇ ಕಾಣದ ಮೂಲೆಯಲ್ಲಿ ಥಿನ್ನರಿನಲ್ಲಿ ಅದ್ದಿದ ಹತ್ತಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಹತ್ತಿಗೆ ಬಣ್ಣ ಕರಗಿ ಬಂದರೆ ಅದು ಎನ್‌ಸಿ. ಸುಕ್ಕಾಗಿ ಎದ್ದರೆ ಸಿಂಥೆಟಿಕ್. ಏನೂ ಆಗದಿದ್ದರೆ ಕಂಪನಿಯಲ್ಲಿ ಬೇಯಿಸಿದ ಬಣ್ಣ ಅಥವಾ ಪಿಯು. ನಮ್ಮ ಕಾರಿನಲ್ಲಿ ಎಲ್ಲಾ ಕಡೆ ಕಂಪನಿ ಬಣ್ಣವೇ ಇತ್ತು, ಹಿಂಬಾಗಿಲು ಒಂದನ್ನು ಬಿಟ್ಟು. ಅಲ್ಲಿ ಹತ್ತಿ ಇಟ್ಟ ಜಾಗ ಮುದುಕನ ಕೈಯಂತಾಯಿತು. "ಯಾವಾಗಲೋ ಗೇಟಿಗೆ ತಾಗಿತ್ತು, ಗೇಟಿನ ಪೇಂಟೇ ಸ್ವಲ್ಪ ಹೊಡೆದಿದ್ದೆ" ಅಂತ ಅಪ್ಪ ಆಗ ಬಾಯಿ ಬಿಟ್ಟರು. ಸಿಂಥೆಟಿಕ್ ಸಿಕ್ಕರೆ ಉಪಾಯ ಬೇಡ, ತಗಡಿನ ತನಕ ಕೆರೆದು ತೆಗೆಯಿರಿ.

ಮಬ್ಬು, ಸಿಪ್ಪೆ, ಇಳಿದ ಬಣ್ಣ

ಇವು ಕೈಗೂ ಹವೆಗೂ ಸೇರಿದ ದೋಷಗಳು, ಬೇಗ ಮುಗಿಸುತ್ತೇನೆ. ಬಣ್ಣದ ಮೇಲೆ ಹಾಲಿನಂಥ ಮಬ್ಬು ಕಂಡರೆ ತೇವ. ಥಿನ್ನರ್ ಆರುವಾಗ ಮೈಯನ್ನು ತಣ್ಣಗೆ ಮಾಡುತ್ತದೆ, ಗಾಳಿಯ ನೀರು ಅಲ್ಲಿ ಕೂರುತ್ತದೆ. ಮಳೆ ಬಂದ ಸಂಜೆ, ಇಬ್ಬನಿಯ ಬೆಳಗ್ಗೆ ಗನ್ ಮುಟ್ಟಬೇಡಿ. ನಮ್ಮ ಕಡೆ ಹತ್ತು ಗಂಟೆಯಿಂದ ಮೂರರ ತನಕ ಸರಿಯಾದ ಹೊತ್ತು. ಮಬ್ಬು ಬಂದೇ ಬಿಟ್ಟಿದ್ದರೆ ನಿಧಾನಕ್ಕೆ ಆರುವ ಥಿನ್ನರ್, ಅಂದರೆ ರಿಟಾರ್ಡರ್ ಬೆರೆಸಿ ಒಂದು ತೆಳು ಕೋಟು ಹೊಡೆದರೆ ಎಷ್ಟೋ ಸಲ ಹೋಗುತ್ತದೆ.

ಕಿತ್ತಳೆ ಸಿಪ್ಪೆಯಂತೆ ತರಿತರಿ ಇದ್ದರೆ ಬಣ್ಣ ದಪ್ಪ, ಗಾಳಿ ಕಮ್ಮಿ ಅಥವಾ ಗನ್ ದೂರ. ಕೆಳಕ್ಕೆ ಇಳಿದಿದ್ದರೆ ಗನ್ ಹತ್ತಿರ ಅಥವಾ ಕೈ ನಿಧಾನ. ಒಂದು ಗೇಣು ದೂರ ಹಿಡಿದು ಮಣಿಕಟ್ಟು ತಿರುಗಿಸದೆ ಇಡೀ ತೋಳನ್ನು ಸರಿಸಿ. ಎರಡಕ್ಕೂ ಮದ್ದು ಒಂದೇ: ಒಣಗಿದ ಮೇಲೆ 1000 ನಂಬರಿನ, ಆಮೇಲೆ ಇನ್ನೂ ನಯವಾದ 1500ರ ನೀರುಪೇಪರ್, ಕೊನೆಗೆ ಕಾಂಪೌಂಡ್. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಪಂಪಿನಲ್ಲೇ ಆಗುವುದಿಲ್ಲವಾ ಅಂತ ಪಕ್ಕದ ಮನೆಯವರು ಎರಡು ಸಲ ಕೇಳಿದರು. ಆಗುವುದಿಲ್ಲ.

ಬಂಪರಿನಿಂದ ಬಣ್ಣ ಹಪ್ಪಳದಂತೆ ಏಳುತ್ತಿದ್ದರೆ ಪ್ಲಾಸ್ಟಿಕ್ಕಿಗೆ ಹಾಕುವ ಪ್ರೈಮರ್ ಹಾಕಿಲ್ಲ ಅಂತ ಅರ್ಥ. ತಗಡಿನ ಪ್ರೈಮರ್ ಅಲ್ಲಿ ನಿಲ್ಲುವುದಿಲ್ಲ.

ಮೂರು ತಿಂಗಳ ಮೇಲೆ ಬಂದ ಗುಳ್ಳೆ

ಇದು ನನ್ನನ್ನು ಜಾಸ್ತಿ ಕಾಡಿದ್ದು, ಯಾಕೆಂದರೆ ಕೆಲಸ ಚಂದ ಆಯಿತು ಅಂತ ನಾಲ್ಕು ಜನರ ಹತ್ತಿರ ಹೇಳಿ ಆಗಿತ್ತು. ಫೆಬ್ರವರಿಯಲ್ಲಿ ಹಿಂಬಾಗಿಲ ನಡುವೆ ರಾಗಿ ಕಾಳಿನಂಥ ಗುಳ್ಳೆಗಳ ಗುಂಪು. ಚಾಲಕನ ಬಾಗಿಲ ಕೆಳ ಅಂಚಿನಲ್ಲಿ ಬೇರೆ ತರದ್ದು, ಕಡಲೆ ಗಾತ್ರದ ನಾಲ್ಕೈದು.

ಗುಳ್ಳೆಗೆ ಸೂಜಿಯೇ ವೈದ್ಯ. ನಿಧಾನಕ್ಕೆ ಚುಚ್ಚಿ, ಟಿಶ್ಯೂ ಒತ್ತಿ. ಕಂದು ನೀರು ಬಂದರೆ ತುಕ್ಕು. ತಿಳಿ ನೀರು ಬಂದರೆ ಬಣ್ಣದ ಕೆಳಗೆ ತೇವ ಸಿಕ್ಕಿಕೊಂಡಿದೆ. ಏನೂ ಬಾರದೆ ಒಳಗೆ ಖಾಲಿ ಇದ್ದರೆ ದಪ್ಪ ಕೋಟಿನಲ್ಲಿ ಸಿಕ್ಕಿದ ಥಿನ್ನರ್ ಬಿಸಿಲಿಗೆ ಉಬ್ಬಿದ್ದು.

ಹಿಂಬಾಗಿಲಲ್ಲಿ ತಿಳಿ ನೀರು. ಕೆರೆದು ನೋಡಿದರೆ ಗುಳ್ಳೆ ಇದ್ದದ್ದು ಪಟ್ಟಿ, ಅಂದರೆ ನೆಗ್ಗು ತುಂಬಿಸುವ ಪುಟ್ಟಿ ಹಾಕಿದ ಜಾಗದಲ್ಲಿ ಮಾತ್ರ. ಕಾರಿಗೆ ಹಾಕುವ ಪಾಲಿಯೆಸ್ಟರ್ ಪಟ್ಟಿ ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ. ಅದನ್ನು ಒಣಗಿಸಿಯೇ ಉಜ್ಜಬೇಕು, ಧೂಳಾದರೂ ಸರಿ. ನಾನು ಧೂಳಿಗೆ ಹೆದರಿ ನೀರು ಹಾಕಿ ಉಜ್ಜಿದೆ, ಅರ್ಧ ಗಂಟೆ ಬಿಸಿಲಿಗಿಟ್ಟು ಪ್ರೈಮರ್ ಹೊಡೆದೆ. ಅದೂ ಬೋರ್‌ವೆಲ್ ನೀರು. ಪಾತ್ರೆಯಲ್ಲಿ ಬಿಳಿ ಕಲೆ ಬಿಡುವ ನೀರು ಅಂದರೆ ಅದರಲ್ಲಿ ಉಪ್ಪಿದೆ. ಬಣ್ಣದಡಿ ಉಳಿದ ಉಪ್ಪು ಹವೆಯ ತೇವವನ್ನು ಬಣ್ಣದ ಮೂಲಕವೇ ಎಳೆಯುತ್ತದೆ. ಪಟ್ಟಿಯನ್ನು ಪೂರ್ತಿ ತೆಗೆದು ಹೊಸದು ಹಾಕದೆ ಬೇರೆ ದಾರಿ ಇರಲಿಲ್ಲ. ಪ್ರೈಮರನ್ನು ನೀರು ಹಾಕಿ ಉಜ್ಜಬಹುದು, ಆದರೆ ಕೊನೆಯ ತೊಳೆತಕ್ಕೆ ನಾನೀಗ ಮಳೆನೀರು ಹಿಡಿದಿಟ್ಟದ್ದನ್ನೇ ಬಳಸುತ್ತೇನೆ.

ಚಾಲಕನ ಬಾಗಿಲಲ್ಲಿ ಕಂದು ನೀರು ಬಂತು. ತುಕ್ಕು ಹೊರಗಿನಿಂದ ಬಂದದ್ದೋ ಒಳಗಿನಿಂದಲೋ? ಗುಳ್ಳೆ ಕೆರೆದಾಗ ತಗಡಿನಲ್ಲಿ ಸೂಜಿಮೊನೆಯಷ್ಟು ತೂತು ಇದ್ದರೆ ಒಳಗಿನಿಂದ ತಿಂದುಕೊಂಡು ಬಂದಿದೆ. ನಮ್ಮದು ಹಾಗೇ ಇತ್ತು. ತೂತು ಮುಚ್ಚಲು ಹೊರಗಿನಿಂದ ಪಟ್ಟಿ ಹಚ್ಚಿದರೆ ಒಂದು ಮಳೆಗಾಲವೂ ನಿಲ್ಲುವುದಿಲ್ಲ. ಬಾಗಿಲೊಳಗೆ ನೀರು ಯಾಕೆ ನಿಲ್ಲುತ್ತಿದೆ ಅಂತ ಆಗಲೇ ಹುಡುಕಬೇಕಿತ್ತು. ನಾನು ತಗಡಿನ ತುಂಡು ಬೆಸೆಸಿ ಸುಮ್ಮನಾದೆ. ಉತ್ತರ ಸಿಕ್ಕಿದ್ದು ಜೂನಿನಲ್ಲಿ.

ಕಾಲಡಿಯ ನೀರು

ಮೊದಲ ದೊಡ್ಡ ಮಳೆಯ ಮರುದಿನ ಎಡ ಮುಂಭಾಗದ ಕಾರ್ಪೆಟ್ ಮೇಲೆ ಕಾಲಿಟ್ಟರೆ ಪಚಕ್ ಅಂತ ನೀರು ಎದ್ದಿತು. ಹೊಸ ಕಾರ್ಪೆಟ್. ಬೇಸರವಾಗದೆ ಇರುತ್ತದಾ?

ಯಾವ ನೀರು ಅಂತ ಮೊದಲು ತಿಳಿಯಬೇಕು. ಬಿಳಿ ಟಿಶ್ಯೂ ಒತ್ತಿ. ಹಸಿರೋ ಕೆಂಪೋ ಬಣ್ಣ, ಸಿಹಿ ವಾಸನೆ, ಬೆರಳಿಗೆ ಜಾರು, ಇವಿದ್ದರೆ ಅದು ಹೀಟರಿನಿಂದ ಸೋರುವ ಕೂಲೆಂಟ್. ಬಾಯಿಗೆ ಹಾಕಿ ನೋಡಬೇಡಿ, ವಿಷ. ಬಿಸಿಲು ದಿನದಲ್ಲೂ ಎಸಿ ಹಾಕಿದಾಗ ಒದ್ದೆಯಾದರೆ ಎಸಿಯ ನೀರು ಹೊರಹೋಗುವ ಕೊಳವೆ ಕಟ್ಟಿದೆ. ಮಳೆ ಬಂದರೆ ಮಾತ್ರ ಅನ್ನುವುದಾದರೆ ಎಲ್ಲೋ ತೂತು ಇದೆ. ನಮ್ಮದು ಮಳೆಯದೇ.

ಒದ್ದೆ ಕಂಡ ಜಾಗವನ್ನು ನಂಬಬೇಡಿ. ನೀರು ತಗ್ಗಿಗೆ ಹೋಗುತ್ತದೆ. ನಮ್ಮ ಅಂಗಳ ಎಡಕ್ಕೂ ಮುಂದಕ್ಕೂ ಇಳಿಜಾರು, ಹಾಗಾಗಿ ಎಲ್ಲಿ ಸೋರಿದರೂ ಕೊನೆಗೆ ಸೇರುವುದು ಎಡಗಾಲ ಮೂಲೆಗೆ. ಸೀಟು ಬಿಚ್ಚಿ, ಕಾರ್ಪೆಟ್ ಮತ್ತು ಅದರಡಿಯ ಫೆಲ್ಟ್ ಎತ್ತಿ ಒಣಗಿಸಿ. ಬರಿ ತಗಡಿನ ಮೇಲೆ ಹಳೇ ಪೇಪರಿನ ಪಟ್ಟಿಗಳನ್ನು ಹಾಸಿ. ಯಾವುದು ಮೊದಲು ಕಪ್ಪಾಗುತ್ತದೋ ಅದರ ಮೇಲುಗಡೆ ನೋಡಬೇಕು. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ. ಜೋರಾಗಿ ಅಲ್ಲ, ಮಳೆಯಂತೆ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಒಂದೊಂದು ಜಾಗಕ್ಕೆ ಐದು ನಿಮಿಷ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲಾ ಕಡೆ ಹರಿದು ಏನೂ ಗೊತ್ತಾಗುವುದಿಲ್ಲ.

ಅಪ್ಪ ಒಳಗೆ ಕೂತರು. ಬಾಗಿಲ ಕೆಳಗೆ ನೀರು ಬಿಟ್ಟಾಗ ಏನಿಲ್ಲ. ಬಾಗಿಲ ಗಾಜಿನ ಮೇಲೆ ಬಿಟ್ಟು ಮೂರು ನಿಮಿಷಕ್ಕೆ "ಬಂತು, ಬಂತು" ಅಂದರು. ಹಲಗೆಯ ಅಡಿಯಿಂದ ದಾರದಂತೆ ಇಳಿಯುತ್ತಿತ್ತು.

ಕಾರಿನ ಬಾಗಿಲೊಳಗೆ ಮಳೆನೀರು ಹೋಗುವುದು ದೋಷವಲ್ಲ. ಗಾಜಿನ ಪಕ್ಕದಿಂದ ನೀರು ಒಳಗಿಳಿದು ಬಾಗಿಲ ತಳದ ತೂತುಗಳಿಂದ ಹೊರಗೆ ಹೋಗುವಂತೆಯೇ ಮಾಡಿರುತ್ತಾರೆ. ಅದು ಕ್ಯಾಬಿನ್ನಿಗೆ ಬಾರದಂತೆ ಹಲಗೆಯ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ, ಸುತ್ತ ಕಪ್ಪು ಅಂಟು. ಹೊಸ ಹಲಗೆ ಕೂರಿಸುವಾಗ ನಾನು ಆ ಹಾಳೆಯನ್ನು ಸೆಲ್ಲೋ ಟೇಪಿನಲ್ಲಿ ಅಂಟಿಸಿದ್ದೆ. ಅದರ ಕೆಳ ಅಂಚು ಬಾಗಿಲೊಳಗೆ ಇಳಿದಿರಬೇಕು, ನಾನು ಹೊರಗೇ ಬಿಟ್ಟಿದ್ದೆ. ಆ ಹಾಳೆ ಸುಮ್ನೆ ಪ್ಯಾಕಿಂಗ್ ಅಂದುಕೊಂಡು ಕಿತ್ತು ಬಿಸಾಡಿದವರನ್ನೂ ನೋಡಿದ್ದೇನೆ. ದಪ್ಪ ಪ್ಲಾಸ್ಟಿಕ್ ಕತ್ತರಿಸಿ ಬ್ಯೂಟೈಲ್ ಅನ್ನುವ ಮೆತ್ತಗಿನ ರಬ್ಬರ್ ಟೇಪಿನಲ್ಲಿ ಅಂಟಿಸಿದ ಮೇಲೆ ಸೋರುವುದು ನಿಂತಿತು.

ಚಾಲಕನ ಕಡೆಯೂ ಒಮ್ಮೆ ನೋಡೋಣ ಅಂತ ಆ ಬಾಗಿಲನ್ನು ಅಲ್ಲಾಡಿಸಿದೆ. ಒಳಗೆ ಗಳಗಳ. ಬ್ರೇಕ್ ಹಾಕಿದಾಗ ಕೇಳುತ್ತಿದ್ದ ಸದ್ದು ಅದೇ. ತಳದ ತೂತುಗಳಿಗೆ ಹಿಡಿಸೂಡಿಯ ಕಡ್ಡಿ ಹಾಕಿದರೆ ಒಂದೂ ಹೋಗಲಿಲ್ಲ. ಅಂಚಿನ ನೆಗ್ಗು ತುಂಬಿಸುವಾಗ ನನ್ನ ಪಟ್ಟಿಯೇ ಅವನ್ನು ಮುಚ್ಚಿತ್ತು, ಮೇಲೆ ಪ್ರೈಮರ್, ಮೇಲೆ ಬಣ್ಣ. ಚುಚ್ಚಿ ತೆರೆದಾಗ ಕಂದು ನೀರು ಒಂದು ಲೋಟದಷ್ಟು ಸುರಿಯಿತು. ಸಂದಿಯ ಹಳೇ ತುಕ್ಕಿಗೆ ನಿಂತ ನೀರು ಸಿಕ್ಕರೆ ಗುಳ್ಳೆಯಾಗಲು ಮೂರು ತಿಂಗಳು ಸಾಕು. ಬಣ್ಣಕ್ಕೆ ಮೊದಲು ಆ ತೂತುಗಳಿಗೆ ಒಂದೊಂದು ಬೆಂಕಿಕಡ್ಡಿ ಸಿಕ್ಕಿಸಿಡಿ, ಆಮೇಲೆ ಕೀಳಿ.

ಪೇಪರ್ ಇನ್ನೂ ಒಂದು ಕಡೆ ಕಪ್ಪಾಗುತ್ತಿತ್ತು, ಡ್ಯಾಶ್‌ಬೋರ್ಡಿನ ಅಡಿ. ಮುಂದಿನ ಗಾಜಿನ ಸುತ್ತ ಒಳಗಿನಿಂದ ಸೀಮೆಸುಣ್ಣದ ಪುಡಿ ಉದುರಿಸಿ ನೀರು ಬಿಟ್ಟೆವು. ಎಡ ಕೆಳ ಮೂಲೆಯ ಪುಡಿಯಲ್ಲಿ ಒಂದು ಗೆರೆ ಮೂಡಿತು. ಬೀಡಿಂಗಿನ ತುಟಿ ಅಲ್ಲಿ ತಗಡಿನ ಅಂಚನ್ನು ಹತ್ತದೆ ಮಡಚಿಕೊಂಡಿತ್ತು. ಹಳೇ ಬೀಡಿಂಗನ್ನೇ ಹಾಕಿದ ತಪ್ಪು. ಇಪ್ಪತ್ತು ವರ್ಷ ಬಿಸಿಲು ಕಂಡ ರಬ್ಬರ್ ಒಮ್ಮೆ ಬಿಚ್ಚಿದರೆ ಮತ್ತೆ ಕೂರುವುದಿಲ್ಲ, ಹೊಸದೇ ತನ್ನಿ. ಗಾಜಿಗೆ ಬೀಡಿಂಗ್ ತೊಡಿಸಿ, ಅದರ ಒಳ ತುಟಿಯ ಸಂದಿಯಲ್ಲಿ ಸುತ್ತಲೂ ನೈಲಾನ್ ಹಗ್ಗ ಸೇರಿಸಿ, ಸೋಪು ನೀರು ಹಚ್ಚಿ. ಒಬ್ಬರು ಹೊರಗಿನಿಂದ ಅಂಗೈಯಲ್ಲಿ ಗಾಜನ್ನು ಒತ್ತುತ್ತಿರಲಿ. ನೀವು ಒಳಗೆ ಕೂತು ಹಗ್ಗವನ್ನು ನಿಧಾನಕ್ಕೆ ಎಳೆದರೆ ತುಟಿ ತಾನಾಗಿ ತಗಡಿನ ಅಂಚು ದಾಟಿ ಕೂರುತ್ತದೆ. ನೋಡಲು ಬಲು ಚಂದ. ಈಗಿನ ಕಾರುಗಳ ಗಾಜು ಅಂಟಿಸಿದ್ದು, ಅದಕ್ಕೆ ಈ ಉಪಾಯ ನಡೆಯುವುದಿಲ್ಲ. ಅದನ್ನು ಬಿಚ್ಚದೆ ಮಾಸ್ಕಿಂಗ್ ಟೇಪ್ ಹಾಕುವುದೇ ಕ್ಷೇಮ.

ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟು ಮಿಣುಕುತ್ತದೆ

ಬಣ್ಣ ಆದ ವಾರದಲ್ಲೇ ಬಂದ ದೋಷ ಇದು. ಬಲ್ಬ್ ಬದಲಿಸಿದೆ, ಫ್ಯೂಸ್ ನೋಡಿದೆ. ವೈರಿಂಗ್ ಸುಟ್ಟಿದೆಯೇನೋ ಅಂತ ಹೆದರಿದ್ದೂ ಆಯಿತು. ಕಾರಣ ಮತ್ತೆ ಬಣ್ಣವೇ. ಕಾರಿನಲ್ಲಿ ಕರೆಂಟು ವಾಪಸ್ ಹೋಗುವುದು ತಗಡಿನ ಮೂಲಕ. ಅರ್ತ್ ವೈರಿನ ಬೋಲ್ಟಿನಡಿ ಬಣ್ಣ ಕೂತರೆ ಕರೆಂಟು ಪಕ್ಕದ ಬಲ್ಬಿನ ದಾರಿ ಹಿಡಿಯುತ್ತದೆ.

ಲೈಟ್ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಹೋಲ್ಡರಿನ ಅರ್ತಿಗೂ ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೂ ಹಿಡಿಯಿರಿ. 0.2 ವೋಲ್ಟಿನೊಳಗೆ ಇದ್ದರೆ ಚಿಂತೆ ಇಲ್ಲ. ನನಗೆ ಬಂದದ್ದು 3ಕ್ಕಿಂತ ಜಾಸ್ತಿ. ಬೋಲ್ಟ್ ಬಿಚ್ಚಿ, ತಗಡು ಮಿನುಗುವ ತನಕ ಕೆರೆದು, ಬಿಗಿ ಮಾಡಿ, ಮೇಲೆ ಸ್ವಲ್ಪ ವ್ಯಾಸಲೀನ್. ಐದು ನಿಮಿಷದ ಕೆಲಸ, ನಾನು ಎರಡು ಭಾನುವಾರ ಕಳೆದೆ.

ಏರ್‌ಬ್ಯಾಗ್ ಇರುವ ಕಾರಿನವರಿಗೆ ಒಂದು ಮಾತು. ಸೀಟಿನಡಿ, ಸ್ಟೀರಿಂಗಿನಡಿ ಹಳದಿ ಕನೆಕ್ಟರ್ ಕಂಡರೆ ಅದಕ್ಕೆ ಮೀಟರ್ ಚುಚ್ಚಬೇಡಿ, ಬಿಚ್ಚಲೂ ಬೇಡಿ. ಆ ಭಾಗವನ್ನು ಗೊತ್ತಿದ್ದವರಿಗೆ ಬಿಡಿ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ ಬಿಗಿ ಹೊದಿಕೆ ಹಾಕಲೇಬಾರದು.

ಜೋತುಬಿದ್ದ ರೂಫ್ ಬಟ್ಟೆ

ಇದು 800ರದ್ದಲ್ಲ, ತಮ್ಮನ ಹಳೇ ಹ್ಯಾಚ್‌ಬ್ಯಾಕಿನದು. ನನ್ನ ಕೆಲಸ ನೋಡಿ ಅವನೂ ಕಾರು ತಂದು ನಿಲ್ಲಿಸಿದ. ರೂಫಿನ ಬಟ್ಟೆ ತಲೆಗೆ ತಾಗುತ್ತಿತ್ತು. ಅವನು ಸಿರಿಂಜಿನಲ್ಲಿ ಗೋಂದು ತೂರಿಸಿ ನೋಡಿದ್ದ, ಕಲೆ ಬಿದ್ದು ಮತ್ತೆ ಜೋತಿತ್ತು.

ಬಟ್ಟೆಯ ಒಂದು ಮೂಲೆ ಎಳೆದು ಹಿಂಬದಿಯನ್ನು ಬೆರಳಲ್ಲಿ ಉಜ್ಜಿ. ಕಿತ್ತಳೆ ಬಣ್ಣದ ಅಂಟು ಪುಡಿ ಉದುರಿದರೆ ಸೋತದ್ದು ಗೋಂದಲ್ಲ, ಬಟ್ಟೆಗೂ ಹಲಗೆಗೂ ನಡುವಿನ ತೆಳು ಫೋಮ್. ಪುಡಿಗೆ ಗೋಂದು ಹಚ್ಚಿದರೆ ಅದು ಪುಡಿಯನ್ನೇ ಹಿಡಿಯುತ್ತದೆ. ಹಲಗೆ ಬಿಚ್ಚಿ, ಪುಡಿಯೆಲ್ಲಾ ಮೆತ್ತಗಿನ ಬ್ರಷ್ಷಿನಲ್ಲಿ ತೆಗೆದು, ಹೊಸ ಫೋಮ್ ಇರುವ ಬಟ್ಟೆ ಹಾಕಬೇಕು. ಮರಕ್ಕೆ ಹಚ್ಚುವ ಬಿಳಿ ಗೋಂದು ಬೇಡ. ಬಿಸಿ ತಡೆಯುವ ರಬ್ಬರ್ ಗೋಂದನ್ನು ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ನಡುವಿನಿಂದ ಅಂಚಿಗೆ ಒತ್ತಿ. ಹಸಿ ಇರುವಾಗಲೇ ಒತ್ತಿದರೆ ಒಳಗಿನ ಆವಿ ಬಿಸಿಲಿಗೆ ಗುಳ್ಳೆಯಾಗಿ ಏಳುತ್ತದೆ. ದಪ್ಪ ಕೋಟಿನಲ್ಲಿ ಸಿಕ್ಕಿದ ಥಿನ್ನರಿನ ಕಥೆಯೇ ಮತ್ತೆ.

ತಮ್ಮನ ಅವಸರಕ್ಕೆ ಹಿಂದಿನ ಅರ್ಧಕ್ಕೆ ಹತ್ತು ನಿಮಿಷ ಕಾಯಲಿಲ್ಲ. ಮುಂದಿನ ಅರ್ಧಕ್ಕೆ ಕಾದೆವು. ಯಾವುದು ನಿಲ್ಲುತ್ತದೆ ಅಂತ ಏಪ್ರಿಲ್ ಬಿಸಿಲು ಹೇಳುತ್ತದೆ ಅಂದುಕೊಂಡಿದ್ದೆವು. ಅಷ್ಟು ಕಾಯಬೇಕಾಗಲಿಲ್ಲ. ಜನವರಿಯಲ್ಲೇ ಹಿಂದಿನ ಸೀಟಿನ ನೆತ್ತಿಯ ಮೇಲೆ ಇಡ್ಲಿಯಷ್ಟು ದೊಡ್ಡದೊಂದು ಎದ್ದಿದೆ.